ಸಂಜೆ ಐದೂವರೆಗೆ ಹೋಗಿ ನೋಡಿ

ಸಂಜೆಯಾಯಿತೆಂದರೆ ನಮ್ಮ ಅತ್ತೆಯದು ಒಂದೇ ಪ್ರಶ್ನೆ. "ದನ ಬಂದ್ವಾ?"

ನಮ್ಮ ಕೊಟ್ಟಿಗೆ ಖಾಲಿಯಾಗಿ ಒಂಬತ್ತು ವರ್ಷ ಆಯಿತು. ಹಿಂದೆ ಹದಿನಾಲ್ಕು ಮಲೆನಾಡು ಗಿಡ್ಡಗಳಿದ್ದವು. ಬೆಳಿಗ್ಗೆ ಬಿಟ್ಟರೆ ಗುಡ್ಡಕ್ಕೆ ಹೋಗಿ ಮೇಯ್ದು, ಹೊತ್ತು ಇಳಿಯುವಾಗ ತಾವೇ ಮನೆಗೆ ಬರುತ್ತಿದ್ದವು. ಕೊನೆಯದೂ ಒಳಗೆ ಬಂದು ಉಣಗೋಲು ಹಾಕಿದ ಮೇಲೆಯೇ ಅತ್ತೆ ದೇವರ ಮುಂದೆ ದೀಪ ಹಚ್ಚುವುದು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ನಡೆದುಕೊಂಡು ಬಂದದ್ದು ಅದು. ಈಗ ನೆನಪು ಹೋಗಿದೆ, ಆ ಹೊತ್ತು ಮಾತ್ರ ಮೈಯಲ್ಲಿ ಉಳಿದಿದೆ. ಐದೂವರೆಯಾದರೆ ಕಾಲು ನಿಲ್ಲುವುದಿಲ್ಲ. ಬಾಗಿಲಿಗೆ, ಅಂಗಳಕ್ಕೆ, ಮತ್ತೆ ಬಾಗಿಲಿಗೆ. ಮರೆವಿನ ಕಾಯಿಲೆ ಇರುವ ಎಷ್ಟೋ ಜನರಿಗೆ ಹೀಗೆ ಮುಸ್ಸಂಜೆ ಹೊತ್ತಿಗೆ ತಳಮಳ ಶುರುವಾಗುತ್ತದಂತೆ. ಡಾಕ್ಟರು ಅದನ್ನು ಸನ್‌ಡೌನಿಂಗ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಇರುವ ಹೆಸರು, ದನ ಬರೋ ಹೊತ್ತು.

ಕಳೆದ ಆಷಾಢದಲ್ಲಿ ಒಂದು ದಿನ ತೀರ್ಥಹಳ್ಳಿಯ ಸೊಸೈಟಿಯಿಂದ ಕೆಲಸ ಮುಗಿಸಿ ನಾನು ಬಸ್ಸಿಳಿದು ಮನೆಗೆ ಬರುವಾಗ ಏಳು ಗಂಟೆ. ಕರೆಂಟು ಹೋಗಿತ್ತು. ತೋಟದ ಬಸಿಗಾಲುವೆ ಕಟ್ಟಿಕೊಂಡಿದೆ ಎಂದು ನಮ್ಮವರು ಹಾರೆ ಹಿಡಿದು ಹೋದವರು ಹತ್ತೇ ನಿಮಿಷಕ್ಕೆ ವಾಪಸು ಬಂದರೆ, ಅತ್ತೆ ಇಲ್ಲ. ಅಟ್ಟ, ಕೊಟ್ಟಿಗೆ, ಬಚ್ಚಲು ಎಲ್ಲ ನೋಡಿದೆವು. ಆಮೇಲೆ ಬಾವಿಕಟ್ಟೆಯ ಮೇಲೆ ಬಗ್ಗಿ ಬ್ಯಾಟರಿ ಬಿಟ್ಟು ನೀರು ನೋಡಿದೆವು. ಆ ಬೆಳಕು ನೀರಿಗೆ ತಲುಪುವವರೆಗಿನ ಹೊತ್ತನ್ನು ನಾನು ಯಾರಿಗೂ ಹೇಳಿ ತಿಳಿಸಲಾರೆ. ಅತ್ತೆ ಸಿಕ್ಕಿದ್ದು ಹಳ್ಳದ ಸಂಕದ ಹತ್ತಿರ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ, ಕಾಲ ತುಂಬ ಇಂಬಳ ಹತ್ತಿಸಿಕೊಂಡು, ಗುಡ್ಡದ ಕಡೆ ತಿರುಗಿ ದನ ಕರೆಯುತ್ತಿದ್ದರು. ಸಂಕದ ಅಡಿಯಲ್ಲಿ ಹಳ್ಳ ಕೆಂಪಗೆ ಉಕ್ಕಿ ಹರಿಯುತ್ತಿತ್ತು.

ರಾತ್ರಿ ಉಪ್ಪು ಹಚ್ಚಿ ಒಂದೊಂದೇ ಇಂಬಳ ಬಿಡಿಸುತ್ತಾ ನಮ್ಮವರು ಅಂದರು, "ಇನ್ನು ನಮ್ ಕೈಲಿ ಆಗಲ್ಲ ಅನ್ಸುತ್ತೆ ಮಾರಾಯ್ತಿ." ಅವರ ಬಾಯಿಂದ ಆ ಮಾತು ಬಂದಿದ್ದು ಅದೇ ಮೊದಲು.

ಅತ್ತೆ ಈಗ ಶಿವಮೊಗ್ಗದ ಹತ್ತಿರದ ಒಂದು ಆರೈಕೆ ಮನೆಯಲ್ಲಿದ್ದಾರೆ. ಅದನ್ನು ಹುಡುಕಿಕೊಳ್ಳಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಇದೇ ಪಾಡು ಇದೆ ಎಂದು ಗೊತ್ತು. ಸೊಸೈಟಿಗೆ ಬರುವವರೇ ದನಿ ತಗ್ಗಿಸಿ ಕೇಳುತ್ತಾರೆ. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆ ಗೊತ್ತಾಗಿದ್ದು ನಾಲ್ಕು ವರ್ಷದ ಹಿಂದೆ. ಅದಕ್ಕೂ ಮುಂಚೆ ಎರಡು ವರ್ಷ ನಾವು ಕಳೆದುಕೊಂಡೆವು. "ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಅಮ್ಮಂಗೆ ಎಪ್ಪತ್ತಾಯ್ತು" ಅಂದುಕೊಂಡು ಸುಮ್ಮನಿದ್ದುಬಿಟ್ಟೆವು. ಸಾರಿಗೆ ಎರಡೆರಡು ಸಲ ಉಪ್ಪು ಬಿದ್ದಾಗಲೂ, ನೆಂಟರ ಮನೆಯಿಂದ ಬರುವ ದಾರಿ ತಪ್ಪಿದಾಗಲೂ ಅದೇ ಮಾತು. ಶಿವಮೊಗ್ಗದ ಡಾಕ್ಟರು ಮೊದಲು ಥೈರಾಯ್ಡ್ ಮತ್ತು ಬಿ12 ನೋಡಿದರು, ಯಾಕೆಂದರೆ ಅವುಗಳ ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ಸ್ಕ್ಯಾನ್ ಆಯಿತು. 30 ಅಂಕದ ಒಂದು ನೆನಪಿನ ಪರೀಕ್ಷೆಯಲ್ಲಿ ಅತ್ತೆಗೆ ಬಂದದ್ದು 11. ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಎಂದು ಹೇಳಿ ಡೊನೆಪೆಝಿಲ್ ಮಾತ್ರೆ ಬರೆದುಕೊಟ್ಟರು. ಗುಣ ಮಾಡುವ ಮಾತ್ರೆ ಅಲ್ಲ, ಸ್ವಲ್ಪ ಕಾಲ ತಡೆದು ನಿಲ್ಲಿಸಬಹುದು ಅಷ್ಟೇ ಎಂದು ಅವತ್ತೇ ಬಿಡಿಸಿ ಹೇಳಿದರು. ಮನೆಯಲ್ಲಿ ಯಾರಿಗಾದರೂ ಮರೆವು ಅನ್ನಿಸಿದರೆ ಅರಳು ಮರಳು ಅಂದು ಕೂರಬೇಡಿ, ಕರೆದುಕೊಂಡು ಹೋಗಿ.

ಆರೈಕೆ ಮನೆ ಅಂದ ಕೂಡಲೇ ಬೆಂಗಳೂರಿನಿಂದ ನಾದಿನಿ ಫೋನು ಮಾಡಿ ಅತ್ತಳು. "ಅಮ್ಮನ್ನ ಆಶ್ರಮಕ್ಕೆ ಹಾಕ್ತೀರಾ ಅತ್ತಿಗೆ?" ಊರಿನಲ್ಲೂ ಅದೇ ಮಾತು. 'ಹಾಕುವುದು' ಎಂಬ ಆ ಪದ ನನಗೆ ಬಹಳ ದಿನ ಚುಚ್ಚಿತು. ಕಸ ಹಾಕುತ್ತೇವೆ, ಗೊಬ್ಬರ ಹಾಕುತ್ತೇವೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಬಂದು ಹದಿನೈದು ದಿನ ಇದ್ದಳು. ಆರನೇ ರಾತ್ರಿ ಮೂರು ಗಂಟೆಗೆ ಅತ್ತೆ ಒಲೆ ಹೊತ್ತಿಸಲು ಹೋದದ್ದನ್ನು ಕಣ್ಣಾರೆ ಕಂಡ ಮೇಲೆ ಅವಳೇ ನನ್ನ ಜೊತೆ ಕೂತು ಫೋನ್ ನಂಬರುಗಳನ್ನು ಬರೆದುಕೊಂಡಳು.

2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಅಂದಾಜಿನಲ್ಲಿ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು ಎಂದೂ ಅದರಲ್ಲಿದೆ. ಹಳ್ಳಿಯ ಹೆಂಗಸರದೇ ದೊಡ್ಡ ಪಾಲು. ಇದಕ್ಕೆಂದೇ ಕಟ್ಟಿದ ಜಾಗಗಳು ಇರುವುದು ಮಾತ್ರ ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಸಂಸ್ಥೆಯ ಕೇಂದ್ರ ಇದೆ, ನಾದಿನಿ ಅದನ್ನೇ ಹೇಳಿದಳು. ಆದರೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ತೋಟ ಬಿಟ್ಟು ನಮ್ಮವರು ತಿಂಗಳಿಗೊಮ್ಮೆಯೂ ಹೋಗಲಾರರು. ಮಗನ ಹೆಸರು ಮರೆತರೂ ಅವನ ದನಿ ಕೇಳಿದರೆ ಅತ್ತೆಯ ಮುಖ ಈಗಲೂ ಅರಳುತ್ತದೆ. ಅದನ್ನು ತಪ್ಪಿಸಲು ನನಗೆ ಮನಸ್ಸು ಬರಲಿಲ್ಲ.

ಹಿರಿಯರ ಸಹಾಯವಾಣಿ 14567ಕ್ಕೆ ಮಾಡಿ ವಿಚಾರಿಸಿದೆವು, ಗೊತ್ತಿದ್ದವರನ್ನು ಕೇಳಿದೆವು. ವೃದ್ಧಾಶ್ರಮ ಬೇರೆ, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆ ಬೇರೆ ಎಂದು ನಮಗೆ ಆಗಲೇ ತಿಳಿದದ್ದು. ಹೆಚ್ಚಿನ ಆಶ್ರಮದವರು ಫೋನಿನಲ್ಲೇ ಕೇಳುತ್ತಾರೆ, "ಅವರ ಕೆಲಸ ಅವರೇ ಮಾಡ್ಕೊಳ್ತಾರಾ?" ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಹಾಗೆ ಐದು ಕಡೆ ಮುಗಿಯಿತು. ನೋಡಲು ಉಳಿದದ್ದು ಮೂರು.

ಮೊದಲನೆಯದು ಶಿವಮೊಗ್ಗದ ಹೊಸ ಬಡಾವಣೆಯಲ್ಲಿ. ಮೂರು ಅಂತಸ್ತು, ಲಿಫ್ಟು, ಮುಖ ಕಾಣುವಷ್ಟು ಹೊಳೆಯುವ ಟೈಲ್ಸು. ನೋಡಲು ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ಬರಬೇಕು ಅಂದಿದ್ದರು. ಎಲ್ಲರಿಗೂ ತಲೆ ಬಾಚಿ, ಒಗೆದ ಬಟ್ಟೆ ಉಡಿಸಿ ಟಿವಿ ಮುಂದೆ ಕೂರಿಸಿದ್ದರು. ನಾವು ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆವು. ಲಿಫ್ಟಿನ ಮುಂದೆ ಹಾಸಿದ್ದ ಕಪ್ಪು ಮ್ಯಾಟಿನ ಹತ್ತಿರ ಅತ್ತೆ ಗಕ್ಕನೆ ನಿಂತರು. "ಹೊಂಡ ಇದೆ, ನಾ ಬರಲ್ಲ." ಸೀರೆಯ ನೆರಿಗೆ ಎತ್ತಿ ಹಿಡಿದು, ಹೆಜ್ಜೆ ಹಿಂದಿಟ್ಟರು. ಈ ಕಾಯಿಲೆಯಲ್ಲಿ ಆಳ ಅಳೆಯುವ ಕಣ್ಣಿನ ಲೆಕ್ಕ ತಪ್ಪುತ್ತದೆ; ಕಪ್ಪು ಮ್ಯಾಟು ಗುಂಡಿಯಂತೆ, ಹೊಳೆಯುವ ನೆಲ ನೀರು ನಿಂತಂತೆ ಕಾಣಬಹುದು. ಅಲ್ಲಿನ ಮೇಡಂ ನಕ್ಕು "ಅಭ್ಯಾಸ ಆಗುತ್ತೆ ಬಿಡಿ" ಅಂದರು. ಇಂಥವರ ಜೊತೆ ದಿನಾ ಬದುಕುವವರು ಆ ಮಾತು ಹೇಳಬಾರದಿತ್ತು ಎಂದು ನನಗೆ ಅನ್ನಿಸಿತು.

ಆದರೂ ಜಾಗ ಚೊಕ್ಕಟವಾಗಿದೆ ಎಂದು ನಾವು ಅರ್ಧ ಒಪ್ಪಿದ್ದೆವು. ದುರ್ಗಿಗುಡಿಯಲ್ಲಿ ಊಟ ಮಾಡಿ, ಬಟ್ಟೆ ಅಂಗಡಿಯ ಕೆಲಸ ಮುಗಿಸಿ, ಒಂದು ಕಾಗದ ಕೇಳುವುದು ಮರೆತಿದ್ದೆವೆಂದು ಊರಿಗೆ ಹೊರಡುವ ಮುಂಚೆ ಮತ್ತೆ ಅಲ್ಲಿಗೆ ಹೋದೆವು. ಆಗ ಐದೂವರೆ. ಗೇಟಿಗೆ ಬೀಗ. "ಸಂಜೆ ಯಾರನ್ನೂ ಬಿಡಲ್ಲ" ಎಂದ ಕಾವಲಿನವನು. ಮೇಲಿನ ಕಿಟಕಿಯಿಂದ ಒಬ್ಬ ಹೆಂಗಸು ಕೂಗುತ್ತಿದ್ದರು. "ಬಾಗ್ಲು ತೆಗೀರೇ, ಮಕ್ಕಳು ಸ್ಕೂಲಿಂದ ಬರೋ ಹೊತ್ತು." ಕಾಗದಕ್ಕಾಗಿ ಕಾಲು ಗಂಟೆ ಕಾದೆವು. ಆ ಕಾಲು ಗಂಟೆಯೂ ಅವರು ಕೂಗಿದರು, ಒಬ್ಬರೂ ಓಗೊಡಲಿಲ್ಲ. ಕಾರಿನಲ್ಲಿ ಕೂತಿದ್ದ ಅತ್ತೆ ನನ್ನ ಕೈ ಹಿಡಿದು, "ಯಾರೋ ಪಾಪ ಕರೀತಿದಾರೆ, ಹೋಗಿ ನೋಡ್ರೇ" ಅಂದರು.

ಕಾಗದ ಬಂತು. ಅದನ್ನು ನಾವು ತುಂಬಲಿಲ್ಲ.

ಅವತ್ತಿಂದ ಯಾರು ಕೇಳಿದರೂ ನಾನು ಹೇಳುವುದು ಇದೊಂದೇ: ಸಂಜೆ ಐದೂವರೆಗೆ ಹೋಗಿ ನೋಡಿ. ಬೆಳಿಗ್ಗೆ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ಹೊತ್ತು ಮುಳುಗುವಾಗ, ಎಲ್ಲರೂ ಒಟ್ಟಿಗೆ ಮನೆ ನೆನೆಸಿಕೊಂಡು ಎದ್ದು ನಿಂತಾಗ, ನೋಡಿಕೊಳ್ಳುವವರು ಏನು ಮಾಡುತ್ತಾರೆ ಅನ್ನುವುದನ್ನು ನೋಡಬೇಕು. ಆ ಹೊತ್ತಿಗೆ ಒಳಗೆ ಬಿಡದವರ ಹತ್ತಿರ ಉಳಿದ ಮಾತು ಆಡುವುದೇ ಬೇಡ.

ಎರಡನೆಯವರು ಸಂಜೆ ಬನ್ನಿ ಅಂದರು. ಹೋದಾಗ ಆರೂಕಾಲು. ಊಟ ಮುಗಿದು, ದೀಪ ಆರಿಸಿ, ಹನ್ನೊಂದು ಮಂಚದಲ್ಲಿ ಹತ್ತು ಜನ ಮಲಗಿದ್ದರು. ಹೊರಗೆ ಇನ್ನೂ ಬೆಳಕಿತ್ತು. "ಇಷ್ಟು ಬೇಗ ನಿದ್ದೆ ಬರುತ್ತಾ?" ಎಂದು ಕೇಳಿದೆ. "ಒಂದೊಂದು ಮಾತ್ರೆ ಕೊಡ್ತೀವಿ ಅಕ್ಕ, ತೊಂದ್ರೆ ಇಲ್ದೇ ಮಲಗ್ತಾರೆ." ಯಾವ ಮಾತ್ರೆ ಎಂದರೆ ಕ್ವೆಟಿಯಾಪಿನ್ ಸ್ಟ್ರಿಪ್ ತೋರಿಸಿದರು, ತೀವ್ರ ಮಾನಸಿಕ ಕಾಯಿಲೆಗಳಿಗೆ ಕೊಡುವ ಮಾತ್ರೆ ಅದು. ಎಲ್ಲರಿಗೂ ಒಂದೇ. ಈ ಜಾತಿಯ ಔಷಧಿಗಳಿಂದ ಮರೆವಿನ ಕಾಯಿಲೆಯ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಔಷಧಿಯ ಮಾಹಿತಿಪತ್ರದಲ್ಲಿ ಎಚ್ಚರಿಕೆ ಹಾಕಿಸಿದೆ. ಬೇಕಾಗುವ ಸಂದರ್ಭ ಇಲ್ಲವೆಂದಲ್ಲ. ಬೇರೆ ದಾರಿ ಏನೂ ನಡೆಯದಿದ್ದಾಗ, ಸಣ್ಣ ಪ್ರಮಾಣದಲ್ಲಿ, ಡಾಕ್ಟರು ಆಗಾಗ ನೋಡಿ ನಿಲ್ಲಿಸುವಂತೆ ಕೊಡಬೇಕು ಎಂದು ನಮ್ಮ ಡಾಕ್ಟರು ಹೇಳಿದ್ದರು. ಊರಿಗೆಲ್ಲ ಪ್ರಸಾದ ಹಂಚಿದಂತೆ ಹಂಚುವುದಲ್ಲ. ಹಾಗಾಗಿ ಎಲ್ಲಿ ಹೋದರೂ "ನಿದ್ದೆಗೆ ಏನು ಕೊಡ್ತೀರಿ? ಯಾರು ಬರೆದು ಕೊಟ್ಟಿದ್ದು? ಮನೆಯವರಿಗೆ ಹೇಳಿ ಕೊಡ್ತೀರಾ?" ಎಂದು ಕೇಳಿ.

ಹನ್ನೊಂದನೆಯವರು ಒಬ್ಬ ಅಜ್ಜ. ಜಗುಲಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗೆ ಪಂಚೆಯಲ್ಲಿ ಅವರ ಹೊಟ್ಟೆ ಸುತ್ತಿ ಕಟ್ಟಿದ್ದರು. ಬೀಳಬಾರದು ಅಂತ. ನಮ್ಮವರು ಒಂದೂ ಮಾತಾಡದೆ ಹೊರಗೆ ಹೋಗಿ ಕಾರಿನಲ್ಲಿ ಕೂತರು. ಗಾಜನೂರು ದಾಟಿ ಮಂಡಗದ್ದೆಯ ಹತ್ತಿರ ಬರುವವರೆಗೂ ಮಾತಿಲ್ಲ. ಆಮೇಲೆ ಅಂದರು, "ದನ ಕಟ್ಟುವಾಗಲೂ ಎದ್ದು ಮಲಗೋಕೆ ಆಗೋಷ್ಟು ಹಗ್ಗ ಬಿಡ್ತೀವಿ."

ಮೂರನೆಯದು ಊರಿನಿಂದ ಸ್ವಲ್ಪ ಹೊರಗೆ. ಹಳೆಯ ಹಂಚಿನ ಮನೆ, ಸಿಮೆಂಟ್ ನೆಲ, ಸುತ್ತ ಬೇಲಿ, ಒಳಗೆ ಎರಡು ಮಾವಿನ ಮರದ ಸುತ್ತ ಹೋದಷ್ಟೂ ಹೋಗಿ ಮತ್ತೆ ಬಾಗಿಲಿಗೇ ಬರುವಂಥ ಕಾಲುದಾರಿ. ಹದಿನಾಲ್ಕು ಜನ ಹಿರಿಯರು. ಹೇಳದೆ ಹೋಗಿದ್ದೆವು, ಐದೂಮುಕ್ಕಾಲಿಗೆ. ಒಬ್ಬರು ಅಳುತ್ತಿದ್ದರು, ಇಬ್ಬರು ಅಂಗಳ ಸುತ್ತುತ್ತಿದ್ದರು, ಗಲಾಟೆಯೇ ಇತ್ತು. ಅಳುವವರ ಪಕ್ಕದಲ್ಲಿ ಒಬ್ಬ ಹುಡುಗಿ ಕೂತು ಬೆನ್ನು ಸವರುತ್ತಿದ್ದಳು. ಇನ್ನೊಬ್ಬ ಅಜ್ಜಿಗೆ ನುಚ್ಚಿನ ಗಂಜಿ ತಿನ್ನಿಸುತ್ತಿದ್ದಾಕೆ ಮಣೆ ಹಾಕಿಕೊಂಡು ಅಜ್ಜಿಯ ಮುಖಕ್ಕೆ ಮುಖ ಕೊಟ್ಟು ಕೂತಿದ್ದರು; ನುಂಗಿದ್ದು ಖಾತ್ರಿಯಾದ ಮೇಲೆಯೇ ಮುಂದಿನ ಚಮಚ. ಕಾಯಿಲೆ ಮುಂದುವರಿದಂತೆ ನುಂಗುವುದೂ ಮರೆತುಹೋಗುತ್ತದೆ. ಅವಸರದಲ್ಲಿ ತುರುಕಿದರೆ ಅನ್ನ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ನಿಂತುಕೊಂಡು ತಿನ್ನಿಸುವವರನ್ನು ನಾನು ಮೊದಲನೆಯ ಕಡೆ ನೋಡಿದ್ದೆ.

ಅತ್ತೆಗೂ ಹೊತ್ತಾಗಿತ್ತು. ಎದ್ದು ಬಾಗಿಲಿಗೆ ಹೋಗಿ, "ದನ ಬಂದ್ವಾ?" ಅಂದರು.

ಈಳಿಗೆಮಣೆ ಮುಂದೆ ಬೀನ್ಸ್ ಹೆಚ್ಚುತ್ತಿದ್ದ ಆಯಾ ತಲೆ ಎತ್ತದೆಯೇ ಕೇಳಿದರು, "ನಿಮ್ಮನೇಲಿ ಎಷ್ಟಿದಾವೆ ಅಮ್ಮ?"

ಅತ್ತೆ ಅಲ್ಲೇ ಕೂತರು. ಗೌರಿ, ಕೌಲಿ, ಬೆಳ್ಳಿ, ಚುಕ್ಕಿ ಎಂದು ಬೆರಳು ಮಡಿಸಿದರು. ಕೌಲಿ ಯಾವಾಗಲೂ ತಡ, ಅವಳದು ಬೇಲಿ ಹಾರುವ ಬುದ್ಧಿ. ಹೌದಾ, ಹಾಲೆಷ್ಟು ಕೊಡ್ತಾಳೆ? ಹೀಗೇ ಮಾತು ನಡೆಯಿತು. ಆಯಾ ದನ ಬಂದವು ಎಂದು ಸುಳ್ಳು ಹೇಳಲಿಲ್ಲ, ದನ ಇಲ್ಲ ಎಂದೂ ಹೇಳಲಿಲ್ಲ. ಮನೆಯಲ್ಲಿ ನಾನು ಎಷ್ಟು ಸಂಜೆ, "ಮಾರಿದ್ವಲ್ಲ ಅತ್ತೆ, ಎಷ್ಟು ಸಲ ಹೇಳೋದು" ಅಂದಿದ್ದೇನೆ! ಪ್ರತಿ ಸಲವೂ ಅವರಿಗೆ ಅದು ಹೊಸ ಸುದ್ದಿ. ಪ್ರತಿ ಸಲವೂ ಆಗ ತಾನೇ ದನ ಕಳೆದುಕೊಂಡವರಂತೆ ಅವರ ಮುಖ ಬಾಡುತ್ತಿತ್ತು. ಗೊತ್ತಿಲ್ಲದೆ ಕೊಟ್ಟ ಆ ನೋವು ಈಗಲೂ ನನ್ನನ್ನು ಬಿಟ್ಟಿಲ್ಲ. ಸ್ವಲ್ಪ ಹೊತ್ತಿಗೆ ಆ ಆಯಾ ಒಂದು ಹಿಡಿ ಹತ್ತಿ ತಂದು ಅತ್ತೆಯ ಮಡಿಲಿಗಿಟ್ಟರು. ಅತ್ತೆ ಹೂಬತ್ತಿ ಹೊಸೆಯತೊಡಗಿದರು. ಬೆರಳಿಗೆ ಏನೂ ಮರೆತಿರಲಿಲ್ಲ.

ಅಲ್ಲಿಗೆ ಮನಸ್ಸು ತೀರ್ಮಾನ ಮಾಡಿಬಿಟ್ಟಿತ್ತು. ಆದರೆ ಶೌಚಾಲಯ ನೋಡಿದೆ. ಒಂದು ಮೆಟ್ಟಿಲು ಎತ್ತರ, ಹಿಡಿದುಕೊಳ್ಳಲು ಒಂದು ಸರಳೂ ಇಲ್ಲ, ನೆಲ ಜಾರುತ್ತಿತ್ತು. ಮೊದಲ ಕಡೆ ಇದೆಲ್ಲ ಬಹಳ ಚೆನ್ನಾಗಿತ್ತು. ರಾತ್ರಿ ಎದ್ದು ಬಿದ್ದು ತೊಡೆಯ ಮೂಳೆ ಮುರಿದರೆ ಈ ವಯಸ್ಸಿನಲ್ಲಿ ಮತ್ತೆ ಏಳುವುದು ಕಷ್ಟ. ಒಳ್ಳೆಯ ಮಾತಾಡುವ ಆಯಾ ನಾಳೆ ಕೆಲಸ ಬಿಡಬಹುದು, ಜಾರುವ ನೆಲ ಎಲ್ಲಿಗೂ ಹೋಗುವುದಿಲ್ಲ. ನಡೆಸುವವರಿಗೆ ನೇರವಾಗಿ ಕೇಳಿದೆ, "ಇಲ್ಲಿ ಬಿದ್ದವರಿದಾರಾ?" ಅವರು ಒಂದು ಉದ್ದ ಪುಸ್ತಕ ತಂದಿಟ್ಟರು. ಯಾರು, ಯಾವತ್ತು, ಎಷ್ಟು ಹೊತ್ತಿಗೆ ಬಿದ್ದರು, ಯಾರು ಇದ್ದರು, ಎಲ್ಲ ಬರೆದಿತ್ತು. ಒಂದು ಕಡೆ, "ನೀರು ಒರೆಸಿರಲಿಲ್ಲ, ನಮ್ಮ ತಪ್ಪು" ಎಂದಿತ್ತು. ಮೊದಲ ಎರಡು ಕಡೆ ಇದೇ ಪ್ರಶ್ನೆಗೆ "ನಮ್ಮಲ್ಲಿ ಯಾರೂ ಬಿದ್ದೇ ಇಲ್ಲ" ಎಂಬ ಉತ್ತರ ಬಂದಿತ್ತು. ಲೆಕ್ಕ ಬರೆಯುವ ಕೆಲಸ ನನ್ನದು. ಒಂದೂ ತಿದ್ದುಪಡಿ ಇಲ್ಲದ ಪುಸ್ತಕವನ್ನು ನಾನು ನಂಬುವುದಿಲ್ಲ.

ಸರಳು ಹಾಕಿಸಿ, ನೆಲ ಒರಟು ಮಾಡಿಸಿದರೆ ಮಾತ್ರ ಕರೆತರುತ್ತೇವೆ ಅಂದೆವು. ಎರಡು ವಾರ ಕೇಳಿದರು. ಹದಿನಾರನೇ ದಿನ ಹೇಳದೆ ಹೋಗಿ ನೋಡಿದೆ. ಸರಳು ಕೂರಿಸಿ ಆಗಿತ್ತು, ನಾನು ಅದಕ್ಕೆ ಪೂರ್ತಿ ಜೋತುಬಿದ್ದು ನೋಡಿದೆ. ಅವತ್ತೇ ಹೊರಗೆ ಬಟ್ಟೆ ಒಣಹಾಕುತ್ತಿದ್ದ ಆಯಾಳ ಹತ್ತಿರ ಒಬ್ಬಳೇ ಹೋಗಿ ವಿಚಾರಿಸಿದೆ. ಭದ್ರಾವತಿ ಕಡೆಯವರು, ಇಲ್ಲಿಗೆ ಬಂದು ಆರು ವರ್ಷ. ಸಂಬಳ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ. ರಾತ್ರಿ ಹದಿನಾಲ್ಕು ಜನರಿಗೆ ಇಬ್ಬರು, ಒಬ್ಬರು ಎಚ್ಚರ ಇರಲೇಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಇಲ್ಲಿಯ ಕೆಲಸದವರಿಗೆ ಸಂಬಳ ಸರಿಯಾಗಿ ಸಿಗುತ್ತದೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಅತ್ತೆಯ ಸ್ವಭಾವ ಅರಿತ ಒಬ್ಬರು ಬಿಟ್ಟುಹೋದರೆ ಅತ್ತೆಗೆ ಅದು ಇನ್ನೊಂದು ಮನೆ ಬದಲಿಸಿದಂತೆಯೇ.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. ತಿಂಗಳಿಗೆ 28 ಸಾವಿರ, ಡೈಪರ್ ಮತ್ತು ಔಷಧಿ ಬೇರೆ. ನಮ್ಮವರ ಲೆಕ್ಕದಲ್ಲಿ ಸುಮಾರು ಅರ್ಧ ಕ್ವಿಂಟಾಲ್ ರಾಶಿ ಅಡಿಕೆ. ಮೈದುನ, ನಾದಿನಿ, ನಾವು ಮೂರು ಪಾಲು ಮಾಡಿಕೊಂಡೆವು. ಠೇವಣಿ 1 ಲಕ್ಷ. ಕರೆದುಕೊಂಡು ಹೋದರೆ ಅಥವಾ ತೀರಿಕೊಂಡರೆ ಎಷ್ಟು ದಿನದಲ್ಲಿ, ಎಷ್ಟು ವಾಪಸು ಎಂದು ಕನ್ನಡದಲ್ಲಿ ಬರೆಸಿಕೊಂಡೇ ಸಹಿ ಮಾಡಿದೆ. ಇಂಗ್ಲಿಷಿನ ಕರಾರಿಗೆ ಓದದೆ ಸಹಿ ಹಾಕಬೇಡಿ.

ಕಾರ್ತಿಕದಲ್ಲಿ ಮೊದಲು ಹತ್ತು ದಿನಕ್ಕೆಂದು ಬಿಟ್ಟು ನೋಡಿದೆವು. ಅಡಿಕೆ ಗೊನೆ ಕೊಯ್ಲಿನ ಸಮಯ. ಅಂಗಳದಲ್ಲಿ ಅಡಿಕೆ ಬೇಯುವ ಹಂಡೆ, ಮೆಟ್ಟುಗತ್ತಿಗಳು, ಮನೆ ತುಂಬ ಗುರುತಿಲ್ಲದ ಮುಖ. ಅತ್ತೆಗೆ ಅಷ್ಟು ಅಪಾಯದ ಸಮಯ ಬೇರೆ ಇಲ್ಲ. ನಾನು ಎರಡು ಹಾಳೆ ಬರೆದುಕೊಟ್ಟಿದ್ದೆ. ಕಾಫಿಗೆ ಬೆಲ್ಲ. ಬಲಗಿವಿ ಕೇಳುವುದಿಲ್ಲ. ಎಲೆಅಡಿಕೆಯ ಕವಳ ಕೇಳುತ್ತಾರೆ, ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬದಲಿಗೆ ಕಲ್ಲುಸಕ್ಕರೆ ಪುಡಿ ಕೊಡಿ. ಗುಡುಗಿದರೆ ಹೆದರುತ್ತಾರೆ. ದನಗಳ ಹೆಸರು ಹದಿನಾಲ್ಕೂ ಬರೆದಿದ್ದೆ.

ಬಿಟ್ಟು ಬಂದ ರಾತ್ರಿ ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ಮಾರನೇ ಬೆಳಿಗ್ಗೆ ಒಂಬತ್ತಕ್ಕೆ ಆಯಾ ಫೋನು ಮಾಡಿದರು. ನನ್ನ ಎದೆ ಧಸಕ್ಕೆಂದಿತು.

"ಅಕ್ಕ, ಅಮ್ಮ ಸ್ನಾನಕ್ಕೆ ಒಪ್ತಿಲ್ಲ. ಶವರ್ ಬಿಟ್ಟಿದ್ದೇ ಕಿರುಚಿಬಿಟ್ರು. ಬಲವಂತ ಮಾಡಿಲ್ಲ. ನಿಮ್ಮನೇಲಿ ಹೇಗೆ ಮಾಡಿಸ್ತಿದ್ರಿ?"

ಎರಡು ಹಾಳೆ ಬರೆದವಳಿಗೆ ಇದೊಂದು ಬಿಟ್ಟುಹೋಗಿತ್ತು. ಅತ್ತೆಯ ತಲೆಯ ಮೇಲೆ ನೀರು ಸುರಿಯುವ ಹಾಗಿಲ್ಲ. ಬಚ್ಚಲಿನಲ್ಲಿ ಮಣೆ ಹಾಕಿ ಕೂರಿಸಬೇಕು, ಬೆಚ್ಚಗಿನ ನೀರನ್ನು ತಂಬಿಗೆಯಲ್ಲಿ ತೆಗೆದು ಮೊದಲು ಕಾಲಿಗೆ, ಆಮೇಲೆ ಕೈಗೆ, ಕೊನೆಗೆ ಬೆನ್ನಿಗೆ. ಎದೆಯ ಮೇಲೆ ಒಂದು ಪಂಚೆ ಹೊದಿಸಿರಬೇಕು. ಪ್ರತಿ ತಂಬಿಗೆಗೂ "ಬಿಸಿ ಸಾಕಾ?" ಎಂದು ಕೇಳಬೇಕು.

"ಮಣೆ ಇದೆ, ತಂಬಿಗೆ ಇಲ್ಲ. ಮಗ್ಗು ಆಗುತ್ತಾ?"

"ನೋಡಿ ಒಂದ್ಸಲ" ಅಂದೆ.

ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಫೋನು ಬಂತು. ಮಗ್ಗು ಆಗಲಿಲ್ಲವಂತೆ. ಅಡುಗೆಮನೆಯಿಂದ ಹಿತ್ತಾಳೆ ಚೊಂಬು ತಂದಿದ್ದಾರೆ, ಅದನ್ನು ಕೈಗೆ ತೆಗೆದುಕೊಂಡು ಅತ್ತೆ ತಾವೇ ಕಾಲಿಗೆ ನೀರು ಹಾಕಿಕೊಂಡಿದ್ದಾರೆ. ಈಗ ಅಂಗಳದ ಬಿಸಿಲಿನಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದಾರೆ. ಎಣ್ಣೆ ಹಚ್ಚಬಹುದಾ, ಯಾವ ಎಣ್ಣೆ ಎಂದು ಕೇಳಿದರು. ಕೊಬ್ಬರಿ ಎಣ್ಣೆ ಅಂದೆ. ಸ್ವಲ್ಪ ಬಿಸಿ ಮಾಡಿ ಅಂದೆ.